ತಾರಿ ದೋಣಿಯಲ್ಲಿ ಗಾಡಿ ದಾಟಿಸುವಾಗ: ಸಂಘದ ಸಭೆಗೆ ಒಂದು ಪಾಠ



ಹಿಂದೆಲ್ಲ ನಮ್ಮ ಸಂಘಗಳ ಸಾಲದ ಅರ್ಜಿ ಅಂದರೆ ಆಕಳು, ಹೊಲಿಗೆ ಮಷಿನ್, ಮನೆಯ ಹಂಚು, ಮಗಳ ಕಾಲೇಜು ಫೀಸು ಇಷ್ಟೇ. ಈಗ ಸ್ಕೂಟಿಗೆ ಅಂತ ಅರ್ಜಿ ಬರುತ್ತದೆ. ಮೀನು ಮಾರುವವರು, ಟೇಲರಿಂಗ್ ಮಾಡುವವರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಎಲ್ಲರಿಗೂ ಗಾಡಿ ಬೇಕು. ನಮಗೆ ಇದು ಸಂತೋಷದ ವಿಷಯ. ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ಸಿಗೆ ಕಾದು, ಕಂಡಕ್ಟರ್ ಹತ್ತಿರ ಬೈಸಿಕೊಂಡು ಹೋಗುತ್ತಿದ್ದವರು ಈಗ ತಾವೇ ಗಾಡಿ ಬಿಟ್ಟುಕೊಂಡು ಹೋಗುವುದನ್ನು ನೋಡಿದರೆ ಯಾರಿಗೆ ಖುಷಿಯಾಗುವುದಿಲ್ಲ?

ಆದರೆ ನಮ್ಮದು ಹೊಳೆಗಳ ಸೀಮೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಕೆಲವು ಕಡೆ ಸೇತುವೆ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತ ಮೇಲೆ ಸಿಗಂದೂರು, ತುಮರಿ ಕಡೆಯ ಜನ ಲಾಂಚನ್ನೇ ನಂಬಿ ಬದುಕಿದರು. ಅಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ರಂದು. ಆದರೆ ಎಲ್ಲ ಹೊಳೆಗೂ ಸೇತುವೆ ಬಂದಿಲ್ಲ. ಕುಮಟಾ ತಾಲೂಕಿನ ಅಘನಾಶಿನಿ ಊರಿನಿಂದ ತದಡಿಗೆ ದಾಟುವವರು ಗಾಡಿಯನ್ನು ದೋಣಿಗೆ ಹತ್ತಿಸಿಯೇ ದಾಟುತ್ತಾರೆ. ಗೋವಾಕ್ಕೆ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಅಲ್ಲಿಯ ಫೆರಿ ಬೋಟಿನಲ್ಲಿ ಸ್ಕೂಟರ್ ಸಮೇತ ಹೊಳೆ ದಾಟುತ್ತಾರೆ. ಹೀಗಾಗಿ ಈ ಸಲದ ಪಾಠಕ್ಕೆ ಇದೇ ವಿಷಯ ಇಟ್ಟುಕೊಂಡಿದ್ದೇವೆ.

ಒಂದು ಘಟನೆಯಿಂದ ಶುರುಮಾಡುತ್ತೇವೆ. ಹೆಸರು, ಊರು ಹೇಳುವುದಿಲ್ಲ. ಆ ಸಹೋದರಿಯೇ "ಬರೀರಿ ಸಿಸ್ಟರ್, ಬೇರೆಯವರಿಗಾದ್ರೂ ಉಪಯೋಗ ಆಗ್ಲಿ" ಎಂದು ಒಪ್ಪಿಗೆ ಕೊಟ್ಟಿದ್ದಾರೆ.

2022ರ ನವೆಂಬರ್ ತಿಂಗಳು. ಆಕೆ ಬೆಳಿಗ್ಗೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ತಾರಿ ದೋಣಿ ಹತ್ತಿದರು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಅದರ ಮೇಲೇ ಕುಳಿತುಕೊಂಡರು. ಹಗ್ಗ ಇಲ್ಲ. ಹತ್ತು ನಿಮಿಷದ ದಾರಿ, ದಿನಾ ಹೋಗುವುದೇ. ದೋಣಿ ಆಚೆ ದಡಕ್ಕೆ ಬಡಿಯಿತು. ಗಾಡಿ ಮುಂದಕ್ಕೆ ಜಾರಿತು, ಸ್ಟ್ಯಾಂಡ್ ಮಡಚಿಕೊಂಡಿತು, ಗಾಡಿ ಅಂಚಿನಿಂದ ಹೊಳೆಗೆ ಬಿತ್ತು. ಆಕೆ ಹ್ಯಾಂಡಲ್ ಬಿಡಲಿಲ್ಲ, ಗಾಡಿಯ ಜೊತೆಗೇ ನೀರಿಗೆ ಹೋದರು. ಈಜು ಬರುವುದಿಲ್ಲ, ಮೈಮೇಲೆ ಸೀರೆ, ತಲೆಗೆ ಹೆಲ್ಮೆಟ್. ದೋಣಿಯ ಹುಡುಗ ಹಾರಿ ಕೂದಲು ಹಿಡಿದು ಎಳೆದುಕೊಂಡು ಬಂದ. ಕಾಲಿನ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ನಾವು ಕೇಳಿದೆವು, "ಯಾಕಮ್ಮಾ ಕೈ ಬಿಡಲಿಲ್ಲ?" ಆಕೆ ಹೇಳಿದ್ದು: "ಇನ್ನೂ ಹನ್ನೊಂದು ಕಂತು ಬಾಕಿ ಇತ್ತಲ್ಲ ಸಿಸ್ಟರ್."

ಆ ಮಾತು ಕೇಳಿದ ಮೇಲೆ ನಮಗೆ ನಿದ್ದೆ ಬರಲಿಲ್ಲ. ಆ ಸಾಲ ಕೊಡಿಸಿದವರು ನಾವೇ. ಕಂತು ತಪ್ಪಬಾರದು ಎಂದು ಪ್ರತಿ ಸಭೆಯಲ್ಲಿ ಪಾಠ ಮಾಡಿದವರೂ ನಾವೇ. ಆದರೆ ಗಾಡಿಯನ್ನು ದೋಣಿಯಲ್ಲಿ ಹೇಗೆ ನಿಲ್ಲಿಸಬೇಕು ಎಂದು ಒಂದು ದಿನವೂ ಹೇಳಿರಲಿಲ್ಲ. ಹೇಳಲು ನಮಗೂ ಗೊತ್ತಿರಲಿಲ್ಲ. ಎಂ.ಎಸ್.ಡಬ್ಲ್ಯು. ತರಗತಿಯಲ್ಲಿ ಯಾರೂ ಹಗ್ಗ ಕಟ್ಟುವುದನ್ನು ಕಲಿಸುವುದಿಲ್ಲ. ಆಮೇಲೆ ದೋಣಿಯವರ ಹತ್ತಿರ, ಲಾರಿಗೆ ಗಾಡಿ ಲೋಡ್ ಮಾಡುವವರ ಹತ್ತಿರ, ಮೆಕ್ಯಾನಿಕ್ ಹತ್ತಿರ ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಗಾಡಿ ಯಾಕೆ ಬೀಳುತ್ತದೆ?

ರಸ್ತೆಯಲ್ಲಿ ನಿಲ್ಲಿಸಿದ ಗಾಡಿಯ ಕೆಳಗಿನ ನೆಲ ಅಲುಗಾಡುವುದಿಲ್ಲ. ದೋಣಿಯಲ್ಲಿ ನೆಲವೇ ಅಲುಗಾಡುತ್ತದೆ. ಪಕ್ಕದಲ್ಲಿ ಮೀನುಗಾರಿಕೆ ಬೋಟು ಹೋದರೆ ಅದರ ತೆರೆಗೆ ನಮ್ಮ ದೋಣಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಹೊರಡುವಾಗ ಒಂದು ಜಗ್ಗು. ಆದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ದಡ ಮುಟ್ಟುವಾಗ. ದೋಣಿ ನಿಲ್ಲುತ್ತದೆ, ಮೇಲಿದ್ದದ್ದೆಲ್ಲ ಮುಂದಕ್ಕೆ ಹೋಗುತ್ತದೆ. ಬಸ್ಸು ಬ್ರೇಕ್ ಹಾಕಿದರೆ ನಾವು ಮುಂದಿನ ಸೀಟಿಗೆ ಬಡಿಯುವುದಿಲ್ಲವೇ, ಹಾಗೆಯೇ. ನಮ್ಮ ಹೆಂಗಸರು ಹೊಳೆಯ ಮಧ್ಯದಲ್ಲಿ ಹೆದರಿ ಗಾಡಿ ಹಿಡಿದುಕೊಂಡಿರುತ್ತಾರೆ, ದಡ ಹತ್ತಿರ ಬಂದಾಗ ಕೈಬಿಟ್ಟು ಚೀಲ ಎತ್ತಿಕೊಳ್ಳುತ್ತಾರೆ. ಅಪಾಯ ಇರುವುದು ಆಗಲೇ.

ಡಬಲ್ ಸ್ಟ್ಯಾಂಡ್ ಗಟ್ಟಿ ಎಂದು ಎಲ್ಲರೂ ನಂಬುತ್ತೇವೆ. ನೆಲದ ಮೇಲೆ ಅದು ಸರಿ. ದೋಣಿಯಲ್ಲಿ ಅದಕ್ಕೊಂದು ದೋಷ ಇದೆ. ಡಬಲ್ ಸ್ಟ್ಯಾಂಡ್ ಹಾಕಿದಾಗ ಸಾಮಾನ್ಯವಾಗಿ ಹಿಂದಿನ ಚಕ್ರ ಗಾಳಿಯಲ್ಲಿ ಇರುತ್ತದೆ. ಗೇರ್ ಹಾಕಿದರೂ ಹಿಂದಿನ ಬ್ರೇಕ್ ಕಟ್ಟಿದರೂ ಪ್ರಯೋಜನ ಇಲ್ಲ, ಏಕೆಂದರೆ ಆ ಚಕ್ರ ಎಲ್ಲಿಯೂ ಮುಟ್ಟಿಲ್ಲ. ಮುಂದಕ್ಕೆ ಒಂದು ಜಗ್ಗು ಬಂದರೆ ನಾವು ದಿನಾ ಸ್ಟ್ಯಾಂಡ್ ಇಳಿಸುವ ಹಾಗೆಯೇ ಗಾಡಿ ಇಳಿದುಬಿಡುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಎರಡೂ ಚಕ್ರ ನೆಲ ಮುಟ್ಟಿರುತ್ತವೆ, ಬ್ರೇಕು ಗೇರು ಎರಡೂ ಕೆಲಸ ಮಾಡುತ್ತವೆ. ಆದ್ದರಿಂದ ಹಗ್ಗ ಕಟ್ಟಿ ಸಾಗಿಸುವುದಾದರೆ ಸೈಡ್ ಸ್ಟ್ಯಾಂಡೇ ಒಳ್ಳೆಯದು. ಹಗ್ಗ ಇಲ್ಲದಿದ್ದರೆ ಯಾವ ಸ್ಟ್ಯಾಂಡನ್ನೂ ನಂಬಬೇಡಿ.

ಇನ್ನೊಂದು ಮಾತು. ಬೈಕನ್ನು ಮೊದಲನೇ ಗೇರಿಗೆ ಹಾಕಿ ಇಂಜಿನ್ ಬಂದ್ ಮಾಡಿದರೆ ಅದು ಉರುಳುವುದಿಲ್ಲ. ನಮ್ಮ ಸ್ಕೂಟಿಗಳಿಗೆ ಆ ಅನುಕೂಲ ಇಲ್ಲ. ಇಂಜಿನ್ ನಿಂತರೆ ಅವು ಸೈಕಲ್ಲಿನ ಹಾಗೆ ಉರುಳುತ್ತವೆ. ಕೆಲವು ಸ್ಕೂಟಿಗಳಲ್ಲಿ ಎಡಗೈ ಬ್ರೇಕಿಗೆ ಒಂದು ಸಣ್ಣ ಲಾಕ್ ಇರುತ್ತದೆ, ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಹಳೇ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಇಟ್ಟುಕೊಳ್ಳಿ. ಬ್ರೇಕನ್ನು ಪೂರ್ತಿ ಒತ್ತಿ, ಹಿಡಿಕೆಯ ಜೊತೆ ಸೇರಿಸಿ ಆ ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ಎರಡೂ ಬ್ರೇಕಿಗೆ ಸುತ್ತಿದರೆ ಇನ್ನೂ ಒಳ್ಳೆಯದು. ಖರ್ಚು ಏನೂ ಇಲ್ಲ.

ಹತ್ತಿಸುವುದು, ಕಟ್ಟುವುದು

ಗಾಡಿ ಹತ್ತಿಸುವ ಮುಂಚೆ ದೋಣಿಯನ್ನು ದಡಕ್ಕೆ ಹಗ್ಗದಿಂದ ಕಟ್ಟಿದ್ದಾರೆಯೇ ನೋಡಿ. ಬರೀ ಕೋಲು ಊರಿ ಹಿಡಿದಿದ್ದರೆ ಕಾಯಿರಿ. ಅಳಿವೆಯ ಹತ್ತಿರ ನೀರು ಏರುವುದು ಇಳಿಯುವುದು ನಿಮಗೆ ಗೊತ್ತೇ ಇದೆ. ಇಳಿತದ ಹೊತ್ತಿನಲ್ಲಿ ದೋಣಿ ತಗ್ಗಿನಲ್ಲಿ ಇರುತ್ತದೆ, ಮೆಟ್ಟಿಲು ಎತ್ತರ ಆಗುತ್ತದೆ, ಕಲ್ಲಿನ ಮೇಲೆ ಪಾಚಿ. ಗಾಡಿಯನ್ನು ನಾಲ್ಕು ಜನ ಎತ್ತಿ ಇಳಿಸಬೇಕಾಗುತ್ತದೆ. ಅವಸರ ಇಲ್ಲದಿದ್ದರೆ ನೀರು ಏರುವವರೆಗೆ ಕಾಯುವುದು ಲೇಸು.

ಇಂಜಿನ್ ಬಂದ್ ಮಾಡಿ, ಸೀಟಿನ ಮೇಲೆ ಕೂರದೆ, ಎಡಗಡೆ ನಿಂತು ಬ್ರೇಕ್ ಹಿಡಿದು ತಳ್ಳಿ. ಹಿಂದಿನಿಂದ ಇನ್ನೊಬ್ಬರು ಹಿಡಿಯಲಿ. ಇಳಿಜಾರಿನಲ್ಲಿ ಗಾಡಿಯ ತಗ್ಗಿನ ಕಡೆ ಯಾರೂ ನಿಲ್ಲಬಾರದು, ಮಕ್ಕಳಂತೂ ನಿಲ್ಲಲೇಬಾರದು. ಮೀನಿನ ಪೆಟ್ಟಿಗೆ, ಹಾಲಿನ ಕ್ಯಾನು, ಅಕ್ಕಿ ಚೀಲ ಮೊದಲೇ ಬಿಚ್ಚಿ ಬೇರೆ ಇಡಿ. ಸೀಟಿನ ಮಟ್ಟದಲ್ಲಿ ಭಾರ ಇದ್ದಷ್ಟೂ ಗಾಡಿ ಬೇಗ ಮಗುಚುತ್ತದೆ. ಎತ್ತುವವರಿಗೆ ಕನ್ನಡಿ, ಮಡ್‌ಗಾರ್ಡ್ ಹಿಡಿಯಬೇಡಿ ಎಂದು ಬಾಯಿಬಿಟ್ಟು ಹೇಳಿ. "ಹೆಂಗಸಿಗೆ ಏನು ಗೊತ್ತು" ಅಂದರೆ ಅನ್ನಲಿ. ಕಂತು ಕಟ್ಟುವವರು ನೀವು.

ದೋಣಿಯೊಳಗೆ ಗಾಡಿಯ ಮುಖ ದೋಣಿಯ ಉದ್ದಕ್ಕೆ ಇರಲಿ, ಅಂಚಿನಿಂದ ಆದಷ್ಟು ಒಳಗೆ. ಚಕ್ರದ ಹಿಂದೆ ಮುಂದೆ ಕಟ್ಟಿಗೆ ತುಂಡಿನ ಅಡೆ ಕೊಡಿ. ಹ್ಯಾಂಡಲ್ ಲಾಕ್ ಮಾಡಬೇಡಿ, ತುರ್ತಿನಲ್ಲಿ ದೋಣಿಯವರು ಗಾಡಿ ಸರಿಸಬೇಕಾದೀತು. ಕೀ ನಿಮ್ಮ ಹತ್ತಿರ ಇರಲಿ. ಹಳೇ ಬೈಕಿಗೆ ಪೆಟ್ರೋಲ್ ನಾಬ್ ಇದ್ದರೆ ಬಂದ್ ಮಾಡಿ. ಗಾಡಿಗಳ ಹತ್ತಿರ ಬೀಡಿ ಹಚ್ಚಲು ಯಾರಿಗೂ ಬಿಡಬೇಡಿ.

ಇನ್ನು ಹಗ್ಗ. ಎರಡು ಹಗ್ಗ ಬೇಕು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಪ್ರತಿಯೊಂದೂ ಗಾಡಿಯಿಂದ ಎಡಕ್ಕೂ ಬಲಕ್ಕೂ ಇಳಿದು ದೋಣಿಯ ಗಟ್ಟಿ ಭಾಗಕ್ಕೆ ಬರಬೇಕು. ಗಟ್ಟಿ ಭಾಗ ಅಂದರೆ ಕಬ್ಬಿಣದ ಬಳೆ, ಅಡ್ಡ ಮರ, ಕಂಬಿಯ ಬುಡ. ಕಂಬಿಯ ತುದಿಗೆ ಕಟ್ಟಿದರೆ ಕಂಬಿಯೇ ಬಾಗುತ್ತದೆ. ಒಂದೇ ಕಡೆಗೆ ಎಳೆದು ಕಟ್ಟಿದರೆ ಗಾಡಿ ಆ ಕಡೆಗೇ ಬೀಳುತ್ತದೆ, ಆದ್ದರಿಂದ ಎರಡೂ ಕಡೆ. ಮೊದಲು ಸ್ಟ್ಯಾಂಡ್ ಇರುವ ಎಡಗಡೆ, ಆಮೇಲೆ ಬಲಗಡೆ. ಶಾಕಪ್ ಸ್ವಲ್ಪ ಕೆಳಗೆ ಕೂರುವಷ್ಟು ಬಿಗಿ ಸಾಕು. ಸ್ಟ್ಯಾಂಡ್ ಬಾಗುವಷ್ಟು ಎಳೆಯಬಾರದು.

ಗಾಡಿಯಲ್ಲಿ ಎಲ್ಲಿ ಕಟ್ಟುವುದು? ಸ್ಕೂಟಿಯ ಹೊರಮೈ ಹೆಚ್ಚಿನದು ಪ್ಲಾಸ್ಟಿಕ್ಕು, ಅದಕ್ಕೆ ಕಟ್ಟಿದರೆ ಮುರಿಯುತ್ತದೆ. ಹಿಂದೆ ಕೂರುವವರು ಹಿಡಿದುಕೊಳ್ಳುವ ಲೋಹದ ಹಿಡಿಕೆ ಇದೆಯಲ್ಲ, ಅಲ್ಲಿ ಒಂದು. ಮುಂದಿನ ಚಕ್ರದ ಎರಡು ಪಕ್ಕದ ಲೋಹದ ಕಾಲುಗಳಿಗೆ ಇನ್ನೊಂದು, ಬ್ರೇಕಿನ ವೈರಿಗೆ ತಾಗದ ಹಾಗೆ. ಹಗ್ಗ ಉಜ್ಜುವ ಕಡೆ ಹಳೇ ಹತ್ತಿ ಸೀರೆಯ ತುಂಡು ಮಡಚಿ ಇಡಿ. ಸೈಲೆನ್ಸರಿಗೆ ಹಗ್ಗ ಮುಟ್ಟಬಾರದು. ಈಗಷ್ಟೇ ಓಡಿಸಿ ತಂದ ಗಾಡಿಯ ಸೈಲೆನ್ಸರಿನ ಬಿಸಿಗೆ ನೈಲಾನ್ ಹಗ್ಗ ಕರಗುತ್ತದೆ, ನಿಮ್ಮ ಕಾಲು ತಾಗಿದರೆ ಬೊಬ್ಬೆ ಏಳುತ್ತದೆ.

ನೈಲಾನ್ ಹಗ್ಗ ಬಲ ಇದ್ದರೂ ನುಣುಪು. ಎಳೆದರೆ ಹಿಗ್ಗುತ್ತದೆ, ಗಂಟು ಜಾರುತ್ತದೆ. ಹಾಗಾಗಿ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ, ಅರ್ಧ ದಾರಿಯಲ್ಲಿ ಒಮ್ಮೆ ಕೈಯಿಂದ ಜಗ್ಗಿ ನೋಡಿ. ಎಳೆದರೆ ಬಿಚ್ಚುವ ಜೀರುಗುಣಿಕೆಯನ್ನು ಕೊನೆಯ ಗಂಟಿಗೆ ಮಾತ್ರ ಇಟ್ಟುಕೊಳ್ಳಿ. ಲಾರಿಯವರು ಬಳಸುವ, ಹಲ್ಲು ಇರುವ ಬೆಲ್ಟು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಎರಡು ತುದಿಗೆ ಕೊಕ್ಕೆ ಇರುವ ರಬ್ಬರ್ ಹಗ್ಗ ಅಂಗಡಿಯಲ್ಲಿ ಸಿಗುತ್ತದೆ, ಅದು ಚೀಲ ಕಟ್ಟಲು ಸರಿ, ಗಾಡಿ ಕಟ್ಟಲು ಅಲ್ಲ. ಐದಾರು ಗಾಡಿ ಇದ್ದರೆ ಎಲ್ಲದಕ್ಕೂ ಒಂದೇ ಹಗ್ಗ ಪೋಣಿಸುವ ರೂಢಿ ಕೆಲವು ಕಡೆ ಇದೆ. ಒಂದು ಬಿದ್ದರೆ ಉಳಿದವನ್ನೂ ಎಳೆದುಕೊಂಡು ಬೀಳುತ್ತದೆ. ಬೇಡ.

ದೋಣಿಯಲ್ಲಿ ಕಟ್ಟುವ ಜಾಗವೇ ಇಲ್ಲದಿದ್ದರೆ? ಅಂಥ ದೋಣಿಗಳೂ ಇವೆ. ಆಗ ಬ್ರೇಕ್ ಕಟ್ಟಿ, ಅಡೆ ಕೊಟ್ಟು, ಗಾಡಿಯ ಒಳಮಗ್ಗುಲಿಗೆ, ಅಂದರೆ ದೋಣಿಯ ನಡುಭಾಗದ ಕಡೆ ನಿಂತು, ದಡ ಮುಟ್ಟಿ ದೋಣಿ ಕಟ್ಟುವವರೆಗೂ ಹಿಡಿದುಕೊಳ್ಳಬೇಕು. ಗಾಡಿಗೂ ಹೊಳೆಗೂ ನಡುವೆ ನೀವು ಇರಬಾರದು. ಗಾಡಿಯ ಮೇಲಂತೂ ಕೂರಲೇಬಾರದು.

ಭಾರದ ಲೆಕ್ಕ

ನಮ್ಮ ಸದಸ್ಯೆಯರು ಬಡ್ಡಿ ಲೆಕ್ಕದಲ್ಲಿ ಜಾಣೆಯರು, ಇದನ್ನೂ ಮಾಡಿ. ಒಂದು ಸ್ಕೂಟಿ ಸುಮಾರು 110 ಕೆ.ಜಿ. ತೂಗುತ್ತದೆ. ಒಬ್ಬ ಹೆಂಗಸು 55 ಕೆ.ಜಿ. ಎಂದು ಹಿಡಿದರೆ ಒಂದು ಗಾಡಿ ಅಂದರೆ ಇಬ್ಬರು. ಹತ್ತು ಗಾಡಿ ಹತ್ತಿಸಿದರೆ ಇಪ್ಪತ್ತು ಜನ ಹೆಚ್ಚಾದ ಹಾಗೆ. ದೋಣಿಯಲ್ಲಿ ಇಷ್ಟು ಜನ ಎಂದು ಬರೆದಿರುತ್ತದೆ, ಗಾಡಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರಲ್ಲಿ ಮಕ್ಕಳೂ ಇದ್ದರು. ಆ ಸುದ್ದಿ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ದೋಣಿ ತುಂಬಿದೆ ಅನಿಸಿದರೆ ಮುಂದಿನ ದೋಣಿಗೆ ನಿಲ್ಲಿ. ಒಬ್ಬರೇ ಹೇಳಿದರೆ ದೋಣಿಯವರು ಕೇಳಲಿಕ್ಕಿಲ್ಲ, ನಾಲ್ಕು ಜನ ಸಂಘದವರು ಒಟ್ಟಿಗೆ ಇಳಿದು ನಿಂತರೆ ಕೇಳುತ್ತಾರೆ.

ಲೈಫ್ ಜಾಕೆಟ್ ಇದ್ದರೆ ಗಾಡಿ ತಳ್ಳುವ ಮುಂಚೆಯೇ ಹಾಕಿಕೊಳ್ಳಿ. ಹೆಲ್ಮೆಟ್ ತೆಗೆದು ಇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಚೀಲವನ್ನು ಕುತ್ತಿಗೆಗೆ ಅಡ್ಡ ಹಾಕಿಕೊಳ್ಳಬೇಡಿ. ದೋಣಿ ಹತ್ತುವಾಗ ಕೆಲವರು ಮೇರಿ ಮಾತೆಯನ್ನು, ಕೆಲವರು ಗಂಗೆಯನ್ನು ನೆನೆದು ಕೈಮುಗಿಯುತ್ತೀರಿ. ಮುಗಿಯಿರಿ. ಆಮೇಲೆ ಗಂಟು ನೋಡಿ.

ಮತ್ತು ಗಾಡಿ ಜಾರಲು ಶುರುವಾದರೆ ಕೈ ಬಿಡಿ. ಬೀಳುವ 110 ಕೆ.ಜಿ.ಯನ್ನು ಯಾವ ಹೆಂಗಸೂ, ಯಾವ ಗಂಡಸೂ ತಡೆಯಲಾರರು.

ಗಾಡಿ ನೀರಿಗೆ ಬಿದ್ದರೆ, ಮತ್ತು ಇನ್ಶೂರೆನ್ಸ್ ಮಾತು

ಆ ಸಹೋದರಿಯ ಗಾಡಿಯನ್ನು ಸಂಜೆ ಇಳಿತದಲ್ಲಿ ಹಗ್ಗ ಕಟ್ಟಿ ಮೇಲೆತ್ತಿದರು. ಎತ್ತಿದ ಹುಡುಗರು ಮೊದಲು ಮಾಡಿದ ಕೆಲಸ ಸ್ಟಾರ್ಟರ್ ಒತ್ತಿದ್ದು. ಇಂಜಿನ್ ಒಳಗೆ ನೀರು ಇರುವಾಗ ಸ್ಟಾರ್ಟ್ ಮಾಡಿದರೆ ಒಳಗಿನ ರಾಡ್ ಬಾಗಿ ಇಂಜಿನ್ನೇ ಹೋಗುತ್ತದೆ. ಕೀ ಹಾಕಲೇಬೇಡಿ. ಬ್ಯಾಟರಿ ಬಿಚ್ಚಿಸಿ. ಗಾಡಿಯ ಫೋಟೋ ತೆಗೆದು ಕಂಪನಿಗೆ ಅದೇ ದಿನ ತಿಳಿಸಿ, ಉಪ್ಪು ನೀರಾದರೆ ಹೊರಮೈಗೆ ಸಿಹಿ ನೀರು ಸುರಿದು ತೊಳೆಯಿರಿ. ಕಂಪನಿಯವರು ಬಂದು ನೋಡುವ ಮುಂಚೆ ರಿಪೇರಿ ಬಿಚ್ಚಿಸಬೇಡಿ.

ಇನ್ಶೂರೆನ್ಸ್ ಇದೆಯಾ ಎಂದು ಕೇಳಿದಾಗ ಆಕೆ ಧೈರ್ಯವಾಗಿ ಹೇಳಿದರು, "ಐದು ವರ್ಷದ್ದು ಉಂಟಲ್ಲ ಸಿಸ್ಟರ್, ಶೋರೂಮಿನಲ್ಲೇ ಕಟ್ಟಿಸಿದ್ರು." ಕಾಗದ ತೆಗೆದು ನೋಡಿದೆವು. ಐದು ವರ್ಷ ಇದ್ದದ್ದು ಥರ್ಡ್ ಪಾರ್ಟಿಗೆ ಮಾತ್ರ. ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಏನಾದರೂ ಆದರೆ ಅವರಿಗೆ ಸಿಗುವ ಪರಿಹಾರ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ ಆಯಿತು. ನಮ್ಮ ಸ್ವಂತ ಗಾಡಿಯ ಹಾನಿಗೆ ಕೊಡುವ ವಿಮೆ ಹೆಚ್ಚಾಗಿ ಒಂದೇ ವರ್ಷದ್ದು ಇರುತ್ತದೆ. ಅದು ಮುಗಿದದ್ದು ಆಕೆಗೆ ಗೊತ್ತೇ ಇರಲಿಲ್ಲ. ಒಂದು ರೂಪಾಯಿಯೂ ಬರಲಿಲ್ಲ.

ಬೇಸರದ ವಿಷಯ ಏನೆಂದರೆ, ಸ್ವಂತ ಹಾನಿಯ ವಿಮೆ ಚಾಲ್ತಿಯಲ್ಲಿ ಇದ್ದಿದ್ದರೆ ಕೇಳಲು ದಾರಿ ಇತ್ತು. ಆ ಪಾಲಿಸಿಯ ಮೊದಲ ಭಾಗದಲ್ಲಿ ಯಾವ ಯಾವ ಕಾರಣದ ಹಾನಿಗೆ ಪರಿಹಾರ ಎಂಬ ಪಟ್ಟಿ ಇರುತ್ತದೆ: ಬೆಂಕಿ, ಕಳ್ಳತನ, ನೆರೆ, ಅಪಘಾತ ಇತ್ಯಾದಿ. ಅದೇ ಪಟ್ಟಿಯಲ್ಲಿ ರಸ್ತೆ, ರೈಲು, ಒಳನಾಡು ಜಲಮಾರ್ಗದಲ್ಲಿ ಸಾಗಿಸುವಾಗ ಆಗುವ ಹಾನಿ ಎಂದೂ ಇದೆ. ಹೊಳೆ ದಾಟಿಸುವುದು ಅದರಲ್ಲಿ ಬರುತ್ತದೆ, ಸಮುದ್ರ ಪ್ರಯಾಣದ ಮಾತು ಅಲ್ಲಿಲ್ಲ. ಏಜೆಂಟರ ಹತ್ತಿರ ಆ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿ. 2019ರ ಸೆಪ್ಟೆಂಬರ್‌ನಿಂದ ಸ್ವಂತ ಹಾನಿಗೆ ಮಾತ್ರ ಬೇರೆಯೇ ಪಾಲಿಸಿ ಸಿಗುತ್ತದೆ, ಬೇರೆ ಕಂಪನಿಯಿಂದಲೂ ತೆಗೆದುಕೊಳ್ಳಬಹುದು. ಗಾಡಿ ಪೂರ್ತಿ ಹೋದರೆ ಕೊಂಡ ಬೆಲೆ ಬರುವುದಿಲ್ಲ, ವರ್ಷ ಕಳೆದಂತೆ ಕಡಿಮೆ. ಎರಡು ವರ್ಷ ದಾಟಿದ, ಮೂರು ತುಂಬದ ಗಾಡಿಗೆ ಸಾಮಾನ್ಯವಾಗಿ ಶೇಕಡಾ 30 ಕಳೆದು ಬೆಲೆ ಹಿಡಿಯುತ್ತಾರೆ. ಬಾಕಿ ಸಾಲ ಅದಕ್ಕಿಂತ ಹೆಚ್ಚು ಇರದ ಹಾಗೆ ಕಂತು ಮಾಡಿಕೊಳ್ಳುವುದು ಒಳ್ಳೆಯದು.

ಆ ಸಂಘದವರು ಏನು ಮಾಡಿದರು

ಮೊದಲ ಸಭೆಯಲ್ಲಿ ಜಗಳವೇ ಆಯಿತು. "ಅವಳು ಅಜಾಗ್ರತೆ ಮಾಡಿದ್ದಕ್ಕೆ ನಾವ್ಯಾಕೆ ಬಡ್ಡಿ ಬಿಡಬೇಕು" ಎಂದು ಇಬ್ಬರು ಹೇಳಿದರು. ಅದೂ ನ್ಯಾಯವೇ, ಉಳಿತಾಯ ಎಲ್ಲರದ್ದು. ನಾವು ಮಧ್ಯೆ ಬಾಯಿ ಹಾಕಲಿಲ್ಲ. ಎರಡನೆಯ ಸಭೆಗೆ ಆಕೆ ಕೋಲು ಊರಿಕೊಂಡು ಬಂದರು. "ಹನ್ನೊಂದು ಕಂತೂ ಕೊಡ್ತೇನೆ, ಟೈಮ್ ಕೊಡಿ" ಅಂದರು. ಆ ದಿನ ನಿರ್ಣಯ ಪುಸ್ತಕದಲ್ಲಿ ಬರೆದರು: ಆರು ತಿಂಗಳು ಕಂತು ಬೇಡ, ಬಡ್ಡಿ ಬೇಡ. ಆಮೇಲೆ ಅರ್ಧ ಕಂತಿನಂತೆ ಕಟ್ಟುವುದು. 2024ರಲ್ಲಿ ಆಕೆ ಕೊನೆಯ ಕಂತು ಕಟ್ಟಿದರು. ಈಗ ಮತ್ತೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಹೋಗುತ್ತಾರೆ. ಎರಡನೆಯ ಗಾಡಿ ಬೇಡ ಅನ್ನುತ್ತಾರೆ.

ಆ ಸಂಘದಲ್ಲಿ ಈಗ ಗಾಡಿ ಸಾಲಕ್ಕೆ ನಿಯಮ ಬೇರೆ. ಸ್ವಂತ ಹಾನಿಯ ವಿಮೆಯ ಹಣವನ್ನು ಸಾಲದಲ್ಲಿಯೇ ಸೇರಿಸುತ್ತಾರೆ. ವಿಮೆ ಮುಗಿಯುವ ತಾರೀಕನ್ನು ಉಳಿತಾಯ ಪುಸ್ತಕದ ಮೊದಲ ಪುಟದಲ್ಲಿ ಬರೆದು, ಒಂದು ತಿಂಗಳು ಮುಂಚೆ ಪ್ರತಿನಿಧಿ ನೆನಪಿಸುತ್ತಾರೆ. ಹೊಳೆಯಲ್ಲಿ ಗಾಡಿ ಹೋದರೆ ಆ ಸದಸ್ಯೆಗೆ ಆರು ತಿಂಗಳ ರಜೆ ಎಂದು ಮೊದಲೇ ನಿರ್ಣಯ ಮಾಡಿಟ್ಟಿದ್ದಾರೆ, ಸಾಲ ಕೊಡುವ ದಿನವೇ ಅದನ್ನು ಓದಿ ಹೇಳುತ್ತಾರೆ. ಕೈ ಬಿಡು ಎಂದು ನಾವು ಎಷ್ಟು ಸಲ ಹೇಳಿದರೂ, ಆ ನಿರ್ಣಯ ಇಲ್ಲದೆ ಯಾರಿಗೂ ಕೈ ಬಿಡುವ ಧೈರ್ಯ ಬರುವುದಿಲ್ಲ ಎಂದು ನಮಗೆ ಈಗ ಅನಿಸುತ್ತದೆ.

ಸಭೆಯಲ್ಲಿ ಮಾಡಲು

ಮುಂದಿನ ಸಭೆಗೆ ಒಬ್ಬರು ಗಾಡಿ ತನ್ನಿ, ಇಬ್ಬರು ಹಗ್ಗ, ಒಬ್ಬರು ಟ್ಯೂಬಿನ ಪಟ್ಟಿ. ಅಂಗಳದಲ್ಲಿ ನಾಲ್ಕು ಗೂಟ ಹೊಡೆದು ಅದೇ ದೋಣಿ ಎಂದುಕೊಂಡು ಕಟ್ಟಿ ನೋಡಿ. ಕಟ್ಟಿದ ಮೇಲೆ ಇಬ್ಬರು ಹಿಂದಿನಿಂದ ಜೋರಾಗಿ ತಳ್ಳಿ. ಸ್ಟ್ಯಾಂಡ್ ಮಡಚಿತೋ, ಗಂಟು ಜಾರಿತೋ, ಪುನಃ ಕಟ್ಟಿ. ಗಾಡಿ ಇರುವವರೆಲ್ಲ ಇನ್ಶೂರೆನ್ಸ್ ಕಾಗದ ತಂದು, ಓದಲು ಬರುವವರ ಹತ್ತಿರ ಸ್ವಂತ ಹಾನಿಯ ತಾರೀಕು ಯಾವುದು ಎಂದು ನೋಡಿಸಿಕೊಳ್ಳಿ. ಮುಗಿದದ್ದು ಎಷ್ಟು ಜನರದ್ದು ಎಂಬುದನ್ನು ಪ್ರೇರಕಿಯ ಹತ್ತಿರ ಬರೆದು ಕಳುಹಿಸಿ. ಮಳೆಗಾಲ ಶುರುವಾಗುವ ಮುಂಚೆ ಆ ಊರುಗಳಿಗೆ ನಾವೇ ಬರುತ್ತೇವೆ.